ಕೃಪೆಗೆ ಎಲ್ಲೆ ಉಂಟೆ? ಹಾನಗಲ್ಲು–ಶಿಗ್ಗಾವಿ ಸೀಮೆಯ ಮತವಿಚಾರವೂ ಕ್ರೈಸ್ತ ರಕ್ಷಣಾತತ್ತ್ವವೂ

ಬಾಸೆಲ್ ಮಿಶನ್ನಿನ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದಿಳಿದು, 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಯೂರಿದರು. ಅವರು ಕನ್ನಡದಲ್ಲಿ ಸಾರಿದ ಬೋಧೆಯ ತಿರುಳು ಇಷ್ಟು: ಮೊದಲ ಮನುಷ್ಯನಾದ ಆದಾಮನ ಅವಿಧೇಯತೆಯಿಂದ ಮನುಷ್ಯಕುಲವೆಲ್ಲ ಪಾಪಕ್ಕೆ ಒಳಗಾಗಿದೆ, ದಾನಧರ್ಮ, ವ್ರತನೇಮ, ತೀರ್ಥಯಾತ್ರೆಗಳಿಂದ ಆ ಪಾಪ ತೊಳೆದುಹೋಗದು, ದೇವರ ಮಗನಾದ ಯೇಸು ಶಿಲುಬೆಯ ಮೇಲೆ ಪ್ರಾಣ ಕೊಟ್ಟು ಅದರ ದಂಡವನ್ನು ತಾನೇ ತೆತ್ತಿದ್ದಾನೆ, ಇದನ್ನು ನಂಬಿದವರಿಗೆ ಕ್ಷಮೆ ಉಚಿತವಾಗಿ ದೊರೆಯುತ್ತದೆ. ಯೋಗ್ಯತೆಯನ್ನು ನೋಡದೆ ದೇವರು ಕೊಡುವ ಈ ದಾನವನ್ನು ಕೃಪೆಯೆಂದೂ, ಅದರಿಂದ ಪಾಪ ಮತ್ತು ಮರಣಗಳ ಹಿಡಿತ ಕಳಚುವುದನ್ನು ರಕ್ಷಣೆಯೆಂದೂ ಕನ್ನಡ ಕ್ರೈಸ್ತರು ಕರೆಯುತ್ತಾರೆ. ಅವರ ಬೋಧೆಯಂತೆ ಬದುಕು ಒಂದೇ ಸಲ. ಅದು ಮುಗಿದ ಮೇಲೆ ನ್ಯಾಯತೀರ್ಪು, ಆಮೇಲೆ ನಿತ್ಯಜೀವ ಇಲ್ಲವೆ ನಿತ್ಯನರಕ.

ಹುಬ್ಬಳ್ಳಿಯ ತೆಂಕಣಕ್ಕೆ ಹಬ್ಬಿರುವ, ಇಂದು ಹಾವೇರಿ ಜಿಲ್ಲೆಗೆ ಸೇರಿರುವ ಶಿಗ್ಗಾವಿ, ಸವಣೂರು, ಹಾನಗಲ್ಲು, ಹಿರೇಕೆರೂರು ತಾಲೂಕುಗಳ ನೆಲಕ್ಕೆ ಇಂಥ ವಾದ ಹೊಸತಾಗಿರಲಿಲ್ಲ. ಮುಕ್ತಿ ದೊರೆಯುವುದು ದೇವರ ಅನುಗ್ರಹದಿಂದಲೋ ಸ್ವಂತ ಸಾಧನೆಯಿಂದಲೋ ಎಂಬ ತಿಕ್ಕಾಟ ಪಾದ್ರಿಗಳ ಬರವಿಗೆ ಆರುನೂರು ವರ್ಷ ಮೊದಲೇ ಹಿರೇಕೆರೂರು ತಾಲೂಕಿನ ಅಬಲೂರಿನಲ್ಲಿ ಕಲ್ಲಿನ ಮೇಲೆ ಮೂಡಿದೆ. ಅಲ್ಲಿನ ಸೋಮೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 1200ರ ಶಾಸನವು, ಏಕಾಂತದ ರಾಮಯ್ಯನೆಂಬ ಶಿವಭಕ್ತನು ಊರಿನ ಜೈನರೊಡನೆ ಪಂಥ ಕಟ್ಟಿ, ತನ್ನ ತಲೆಯನ್ನೇ ಅರಿದು ಶಿವನಿಗೆ ಒಪ್ಪಿಸಿ, ಏಳು ದಿನಗಳ ಮೇಲೆ ಅದನ್ನು ಕಲೆಯಿಲ್ಲದಂತೆ ಮರಳಿ ಪಡೆದನೆಂದೂ, ಜೈನರ ದೂರು ಕೇಳಿದ ಕಳಚುರಿ ಅರಸ ಬಿಜ್ಜಳನು ಅವನಿಗೆ ಜಯಪತ್ರ ಕೊಟ್ಟನೆಂದೂ ಹೇಳುತ್ತದೆ. ಹಾನಗಲ್ಲ ಕದಂಬ ಕಾಮದೇವನ ದತ್ತಿಯೂ ಅದರಲ್ಲಿ ದಾಖಲಾಗಿದೆ. ಜೈನಮತದಲ್ಲಿ ವರ ಕೊಡುವ ದೇವರಿಲ್ಲ. ತೀರ್ಥಂಕರರು ದಾರಿ ತೋರಿಸುತ್ತಾರೆ, ಜೀವಕ್ಕೆ ಅಂಟಿದ ಕರ್ಮವನ್ನು ಆ ಜೀವವೇ ತಪಸ್ಸಿನಿಂದ ಸವೆಸಿಕೊಳ್ಳಬೇಕು. ಆದ್ದರಿಂದ ಅಬಲೂರಿನಲ್ಲಿ ಎದುರಾದದ್ದು ಎರಡು ಗುಡಿಗಳು ಮಾತ್ರವಲ್ಲ, ಅನುಗ್ರಹವನ್ನು ನಂಬುವ ಮತವೂ ಅದನ್ನು ಬೇಡದ ಮತವೂ ಹೌದು.

ಕ್ರೈಸ್ತ ವಿಶ್ವಾಸವನ್ನು ಪರೀಕ್ಷಿಸುವವರಿಗೆ ಈ ಶಾಸನ ಒಂದು ಕಠಿಣ ಪ್ರಶ್ನೆಯನ್ನು ಒದಗಿಸುತ್ತದೆ. ಕ್ರಿಸ್ತನು ಸತ್ತವರೊಳಗಿಂದ ಎದ್ದುಬರದಿದ್ದರೆ ತಮ್ಮ ನಂಬಿಕೆಯೇ ವ್ಯರ್ಥವೆಂದು ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ಒಪ್ಪಿಕೊಳ್ಳುತ್ತಾನೆ, ಅಂದರೆ ಇಡೀ ರಕ್ಷಣಾತತ್ತ್ವವನ್ನು ಒಂದು ಪವಾಡದ ಮೇಲೆ ನಿಲ್ಲಿಸುತ್ತಾನೆ. ಯೆರೂಸಲೇಮಿನ ಪುನರುತ್ಥಾನವನ್ನು ನಂಬಿ ಅಬಲೂರಿನದನ್ನು ತಳ್ಳಿಹಾಕುವವರೂ, ಅಬಲೂರಿನದನ್ನು ನಂಬಿ ಯೆರೂಸಲೇಮಿನದನ್ನು ತಳ್ಳಿಹಾಕುವವರೂ ಯಾವ ಅಳತೆಗೋಲಿನಿಂದ ಹಾಗೆ ಮಾಡುತ್ತಾರೆಂದು ತಿಳಿಸಬೇಕಾಗುತ್ತದೆ. ತಮ್ಮ ಪವಾಡಕ್ಕೆ ಒಂದು ಕೋಲು, ಪರರ ಪವಾಡಕ್ಕೆ ಇನ್ನೊಂದು ಎಂಬುದು ನ್ಯಾಯವಲ್ಲ.

ಒಬ್ಬನ ಪಾಪವನ್ನು ಇನ್ನೊಬ್ಬನು ತೀರಿಸಬಲ್ಲನೆ ಎಂಬುದು ಇದಕ್ಕಿಂತಲೂ ಆಳವಾದ ಪ್ರಶ್ನೆ. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆ ಬಾಯಲ್ಲಿರುವ ಜನಕ್ಕೆ, ತಪ್ಪು ಮಾಡಿದವನೊಬ್ಬ, ಶಿಲುಬೆಗೇರಿದವನು ಇನ್ನೊಬ್ಬ ಎಂಬ ಲೆಕ್ಕ ಸಹಜವಾಗಿಯೇ ವಿಚಿತ್ರವಾಗಿ ಕಾಣುತ್ತದೆ. ನವಾಬರ ಆಳ್ವಿಕೆಯಲ್ಲಿದ್ದ ಸವಣೂರಿನ ಮುಸಲ್ಮಾನರಿಗೂ ಅದು ಒಪ್ಪುವ ಮಾತಾಗಿರಲಿಲ್ಲ. ಜನ್ಮಪಾಪವನ್ನು ಇಸ್ಲಾಂ ಒಪ್ಪುವುದಿಲ್ಲ, ಒಬ್ಬರ ಹೊರೆಯನ್ನು ಮತ್ತೊಬ್ಬರು ಹೊರಲಾರರೆಂದು ಕುರಾನು ಮತ್ತೆ ಮತ್ತೆ ಹೇಳುತ್ತದೆ. ಬಂಗಾಳದಲ್ಲಿ ರಾಜಾ ರಾಮಮೋಹನ ರಾಯರು 1820ರಲ್ಲಿ ಯೇಸುವಿನ ನೀತಿಬೋಧೆಗಳನ್ನಷ್ಟೇ ಆಯ್ದು ಪ್ರಕಟಿಸಿ, ಪಶ್ಚಾತ್ತಾಪವೇ ಕ್ಷಮೆಗೆ ಸಾಕು, ರಕ್ತಬಲಿ ಬೇಕಿಲ್ಲ ಎಂದು ಶ್ರೀರಾಂಪುರದ ಪಾದ್ರಿ ಜೋಶುವಾ ಮಾರ್ಷಮನ್ನನೊಡನೆ ವರ್ಷಗಟ್ಟಲೆ ವಾದಿಸಿದರು. ಈ ಸಂದೇಹ ಹೊರಗಿನವರದು ಮಾತ್ರವಲ್ಲ. ಪಾಪದಿಂದ ದೇವರ ಮರ್ಯಾದೆಗೆ ಬಂದ ಕುಂದನ್ನು ದೇವಮಾನವನೊಬ್ಬನೇ ತುಂಬಿಕೊಡಬಲ್ಲನೆಂದು ಹನ್ನೊಂದನೆಯ ಶತಮಾನದ ಕೊನೆಗೆ ಕ್ರೈಸ್ತ ದೇವಶಾಸ್ತ್ರಜ್ಞ ಆನ್ಸೆಲ್ಮನು ವಾದಿಸಿದರೆ, ಮುಂದಿನ ತಲೆಮಾರಿನ ಅಬೆಲಾರ್ಡನು, ನಿರಪರಾಧಿಯ ರಕ್ತದಿಂದ ದೇವರು ತೃಪ್ತನಾಗುವುದು ಹೇಗೆ ಎಂದು ಪ್ರಶ್ನಿಸಿ, ಶಿಲುಬೆಯು ಸಾಲತೀರಿಕೆಯಲ್ಲ, ಮನುಷ್ಯನ ಮನಸ್ಸನ್ನು ತಿರುಗಿಸುವ ಪ್ರೇಮದ ಪ್ರಕಟಣೆ ಎಂದನು. ಈ ಇಬ್ಬರಲ್ಲಿ ಅಬೆಲಾರ್ಡನ ಮಾತೇ ವಿವೇಕಕ್ಕೆ ಹತ್ತಿರವಾದುದು.

ಹೀಗೆಂದ ಮಾತ್ರಕ್ಕೆ ಕರ್ಮದ ಲೆಕ್ಕವೇ ಸರಿಯೆಂದು ತೀರ್ಮಾನಿಸಲಾಗದು. ಹಿಂದಿನ ಜನ್ಮದ ಪಾಪದಿಂದಲೇ ಕೀಳು ಕುಲದಲ್ಲಿ ಹುಟ್ಟು ಎಂದು ಹೇಳಿ, ಅನ್ಯಾಯವನ್ನು ಅನುಭವಿಸುವವನ ಮೇಲೆಯೇ ಅದರ ಹೊಣೆಯನ್ನೂ ಹೊರಿಸಿದ್ದು ಇದೇ ಕರ್ಮತತ್ತ್ವ. ಆ ಕಟ್ಟನ್ನು ಮುರಿಯುವ ಶಕ್ತಿ ಕೃಪೆಯ ಕಲ್ಪನೆಗೆ ಇದೆ, ಏಕೆಂದರೆ ಕೃಪೆ ಹಳೆಯ ಲೆಕ್ಕವನ್ನು ಕೇಳುವುದಿಲ್ಲ. ಶಿಗ್ಗಾವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ಕುಲದ ಹೆಮ್ಮೆಯನ್ನು ಪ್ರಶ್ನಿಸಿದ್ದು ಹರಿಯ ಕರುಣೆಯ ಬಲದಿಂದಲೇ; ಅವರ ರಾಮಧಾನ್ಯಚರಿತ್ರೆಯಲ್ಲಿ ಭತ್ತ ಮತ್ತು ರಾಗಿಗಳ ವ್ಯಾಜ್ಯ ತೀರಿ ಮನ್ನಣೆ ಸಿಗುವುದು ಬಡವರ ಧಾನ್ಯವಾದ ರಾಗಿಗೆ. ಅದೇ ತಾಲೂಕಿನ ಶಿಶುವಿನಹಾಳದ ಶರೀಫರು (1819–1889) ಮುಸಲ್ಮಾನರಾಗಿದ್ದೂ ಬ್ರಾಹ್ಮಣರಾದ ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದರು. ಗುರುವಿನ ಕೃಪೆಯೂ ಅಲ್ಲಿ ಕುಲವನ್ನು ಕೇಳಲಿಲ್ಲ. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗರು ಕನಕದಾಸರಂಥ ಹರಿದಾಸರ ಪದಗಳನ್ನು ಸಂಗ್ರಹಿಸಿ 1850ರಲ್ಲಿ ಅಚ್ಚುಹಾಕಿಸಿದರು ಎಂಬುದನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯಬೇಕು. ಆದುದರಿಂದ ಈ ನೆಲದ ಓದುಗರು ಪ್ರಶ್ನಿಸಬೇಕಾದದ್ದು ಕೃಪೆಯನ್ನಲ್ಲ, ಕೃಪೆಯ ಸುತ್ತ ಎದ್ದ, ನಂಬಿದವರಿಗಷ್ಟೇ ಎಂಬ ಬೇಲಿಯನ್ನು.

ಆ ಬೇಲಿ ಅತ್ಯಂತ ನೋವುಂಟುಮಾಡುವುದು ಹಿರಿಯರ ವಿಷಯದಲ್ಲಿ. ಸುವಾರ್ತೆ, ಅಂದರೆ ಯೇಸುವಿನ ಸಂದೇಶ, ಕಿವಿಗೆ ಬೀಳದೆಯೇ ಸತ್ತ ತಾತಮುತ್ತಾತಂದಿರ ಗತಿಯೇನು? ಜಪಾನಿನಲ್ಲಿ ಹೊಸದಾಗಿ ಕ್ರೈಸ್ತರಾದವರು ತಮ್ಮ ಪೂರ್ವಜರಿಗೆ ನರಕದಿಂದ ಬಿಡುಗಡೆಯಿಲ್ಲವೆಂದು ಕೇಳಿ ಕಣ್ಣೀರಿಟ್ಟರೆಂದು ಪಾದ್ರಿ ಫ್ರಾನ್ಸಿಸ್ ಝೇವಿಯರನು 1552ರಲ್ಲಿ ಕೊಚ್ಚಿಯಿಂದ ಬರೆದ ಪತ್ರದಲ್ಲಿ ತಿಳಿಸಿದ್ದಾನೆ. ಹಿರಿಯರಿಗೆ ಎಡೆಯಿಟ್ಟು ನೆನೆಯುವ ಕನ್ನಡದ ಮನೆಗಳಲ್ಲಿ ಆ ಅಳಲು ಅರ್ಥವಾಗದೆ ಇರದು. ಕೃಪೆಗೆ ಯೋಗ್ಯತೆ ಬೇಡವೆಂದಾದರೆ, ಸರಿಯಾದ ಕಾಲದಲ್ಲಿ ಸರಿಯಾದ ಊರಿನಲ್ಲಿ ಹುಟ್ಟಿರುವುದೇ ಒಂದು ಯೋಗ್ಯತೆಯಾಗಿಬಿಡುವುದು ಹೇಗೆ? ರೋಮನ್ ಕಥೋಲಿಕ ಸಭೆಯು ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ, 1964ರಲ್ಲಿ, ತಮ್ಮ ತಪ್ಪಿಲ್ಲದೆ ಸುವಾರ್ತೆಯನ್ನು ಅರಿಯದೆ ಇದ್ದು ಮನಸ್ಸಾಕ್ಷಿಯಂತೆ ಬಾಳಿದವರಿಗೂ ರಕ್ಷಣೆ ಸಾಧ್ಯವೆಂದು ಸಾರಿತು. ದೀಕ್ಷಾಸ್ನಾನವಿಲ್ಲದೆ ಸತ್ತ ಶಿಶುಗಳು ಸ್ವರ್ಗವೂ ಅಲ್ಲದ, ಯಾತನೆಯೂ ಇಲ್ಲದ ಲಿಂಬೋ ಎಂಬ ನೆಲೆಯಲ್ಲಿರುತ್ತವೆಂಬ ಹಳೆಯ ಊಹೆಯನ್ನು ಬದಿಗಿರಿಸಿ, ಅವುಗಳ ರಕ್ಷಣೆಯನ್ನು ಆಶಿಸಬಹುದೆಂದು ಕಥೋಲಿಕ ಸಭೆಯ ದೇವಶಾಸ್ತ್ರಜ್ಞರ ಮಂಡಲಿ 2007ರಲ್ಲಿ ಹೇಳಿತು. ಅಷ್ಟು ಶತಮಾನಗಳ ಕಾಲ ಕೂಸು ಕಳೆದುಕೊಂಡ ತಾಯಂದಿರು ಹೊತ್ತ ಸಂಕಟವನ್ನು ನೆನೆದರೆ ಈ ತಿದ್ದುಪಡಿ ತೀರ ತಡವಾಯಿತೆನ್ನದೆ ಇರಲಾಗದು.

ಲಿಂಗಾಯತ ವಿಚಾರಧಾರೆಯಲ್ಲಿ ಪರಲೋಕದ ಭಯಕ್ಕೆ ಇಷ್ಟು ಜಾಗವೇ ಇಲ್ಲ. ಸ್ವರ್ಗನರಕಗಳನ್ನು ವಚನಕಾರರಾದ ಶರಣರು ಇಲ್ಲಿನ ನಡೆನುಡಿಯಲ್ಲೇ ಕಂಡರು. ಸಾವು ಲಿಂಗೈಕ್ಯ, ಭಕ್ತಸ್ಥಲದಿಂದ ಐಕ್ಯಸ್ಥಲದವರೆಗಿನ ಆರು ಮೆಟ್ಟಿಲುಗಳ ಷಟ್‍ಸ್ಥಲ ಮಾರ್ಗದ ಕೊನೆ. ಹಾನಗಲ್ಲ ವಿರಕ್ತಮಠದ ಕುಮಾರ ಸ್ವಾಮಿಗಳು (1867–1930) ಬದಾಮಿಯ ಬಳಿ 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿ ವಟುಗಳಿಗೆ ಕಲಿಸಿದ್ದೂ ಅನುಗ್ರಹ ಮತ್ತು ಸಾಧನೆ ಕೂಡಿ ನಡೆಯುವ ಈ ದಾರಿಯನ್ನೇ.

ಆದರೂ ಕ್ರೈಸ್ತರ ನಿತ್ಯನರಕದ ಪ್ರಶ್ನೆ ಉಳಿಯುತ್ತದೆ. ನಾಲ್ಕು ದಿನದ ಬಾಳಿನ ತಪ್ಪಿಗೆ ಕೊನೆಯಿಲ್ಲದ ಶಿಕ್ಷೆ ವಿಧಿಸುವವನನ್ನು ದಯಾಮಯನೆನ್ನುವುದು ಸಾಧ್ಯವಿಲ್ಲ. ಮೂರನೆಯ ಶತಮಾನದ ಕ್ರೈಸ್ತ ಪಂಡಿತ ಓರಿಜೆನನು, ಶಿಕ್ಷೆಯ ಉದ್ದೇಶ ಶುದ್ಧೀಕರಣವೆಂದೂ ಕೊನೆಗೆ ಎಲ್ಲ ಜೀವಗಳೂ ದೇವರಲ್ಲಿಗೆ ಮರಳುವುವೆಂದೂ ಆಶಿಸಿದನು. 553ರ ಕಾನ್‍ಸ್ಟಾಂಟಿನೋಪಲ್ ಸಭೆ ಅವನನ್ನು ಖಂಡಿಸಿತು, ಅದೇ ಆಶೆಯಿಟ್ಟುಕೊಂಡಿದ್ದ ನಿಸ್ಸಾದ ಗ್ರೆಗರಿ ಮಾತ್ರ ಸಂತನಾಗಿಯೇ ಉಳಿದನು.

ಆದರೆ ಈ ಪ್ರಶ್ನೆಯನ್ನು ಚರ್ಚಿನ ಬಾಗಿಲಲ್ಲಿ ಕೇಳುವವರು ಅದನ್ನು ಸವಣೂರಿಗೂ ಒಯ್ಯಬೇಕು. ಮಾಧ್ವಪರಂಪರೆಯ ಉತ್ತರಾದಿಮಠದ ಯತಿ ಸತ್ಯಬೋಧತೀರ್ಥರ ವೃಂದಾವನ, ಅಂದರೆ ಸಮಾಧಿ, ಅಲ್ಲಿದೆ. ಅವರು ವೃಂದಾವನಸ್ಥರಾದದ್ದು 1783ರಲ್ಲಿ. ಅವರು ಬೋಧಿಸಿದ ಮಾಧ್ವಸಿದ್ಧಾಂತದಂತೆ ಮುಕ್ತಿ ದೊರೆಯುವುದು ವಿಷ್ಣುವಿನ ಪ್ರಸಾದದಿಂದಲೇ, ಆದರೆ ಜೀವರಲ್ಲಿ ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂಬ ಮೂರು ವರ್ಗಗಳಿದ್ದು, ಮೂರನೆಯವರಿಗೆ ಕಟ್ಟಕಡೆಗೆ ಹಿಂದಿರುಗಲಾಗದ ಕತ್ತಲೆಯೇ ಗತಿ. ಕೃಪೆ ಮತ್ತು ನಿತ್ಯನರಕಗಳ ಈ ಹೋಲಿಕೆಯಿಂದ ಗ್ರಿಯರ್ಸನ್ನನಂಥ ವಿದ್ವಾಂಸರು ಮಧ್ವಾಚಾರ್ಯರ ಮೇಲೆ ಕ್ರೈಸ್ತ ಪ್ರಭಾವವನ್ನು ಊಹಿಸಿದರು, ಬಿ.ಎನ್.ಕೆ. ಶರ್ಮರು ಆ ಊಹೆಯನ್ನು ಅಲ್ಲಗಳೆದಿದ್ದಾರೆ. ಎರಡು ಮತಗಳ ನಡುವಿನ ಅಂತರವೂ ದೊಡ್ಡದು. ಜೀವವನ್ನು ದೇವರೇ ಶೂನ್ಯದಿಂದ ಸೃಷ್ಟಿಸಿದನೆನ್ನುವ ಕ್ರೈಸ್ತಮತದಲ್ಲಿ, ಕೆಲವರನ್ನು ರಕ್ಷಣೆಗೂ ಉಳಿದವರನ್ನು ನಾಶಕ್ಕೂ ಅವನೇ ಮೊದಲೇ ಗೊತ್ತುಮಾಡಿದ್ದಾನೆಂದು ಮತಸುಧಾರಕ ಕ್ಯಾಲ್ವಿನ್ನನಂತೆ ಹೇಳಿದರೆ, ನರಕದ ಹೊಣೆ ನೇರವಾಗಿ ಸೃಷ್ಟಿಕರ್ತನ ಮೇಲೆಯೇ ಬೀಳುತ್ತದೆ. ಮಾಧ್ವರು ಜೀವನೂ ಅವನ ಸ್ವಭಾವವೂ ಅನಾದಿಯೆಂದು ಹೇಳಿ ದೇವರನ್ನು ಕ್ರೌರ್ಯದ ಆರೋಪದಿಂದ ಪಾರುಮಾಡುತ್ತಾರೆ, ಆದರೆ ಅದಕ್ಕೆ ಅವರು ತೆರುವ ಬೆಲೆ ಸಣ್ಣದಲ್ಲ: ಅನಾದಿಯಾದ ಸ್ವಭಾವವನ್ನು ದೇವರ ಪ್ರಸಾದವೂ ಬದಲಿಸಲಾರದು.