ಮಂಗನ ಹರ್ಪಿಸ್ ಮನುಷ್ಯನಿಗೆ ಕ್ಯಾನ್ಸರ್ ತರುತ್ತದೆಯೇ?

ಹರ್ಪಿಸ್ ಎಂದರೆ ನಮಗೆ ನೆನಪಾಗುವುದು ಸರ್ಪಸುತ್ತು, ಇಲ್ಲವೇ ಜ್ವರ ಬಿಟ್ಟ ಮೇಲೆ ತುಟಿಯಂಚಿನಲ್ಲೇಳುವ ಗುಳ್ಳೆ. ಮಂಗನ ವೈರಸ್ ಎಂದರೆ ಮಲೆನಾಡಿನವರಿಗೆ ಮಂಗನ ಕಾಯಿಲೆ. ಇವುಗಳ ಜೊತೆ ಕ್ಯಾನ್ಸರ್ ಎಂಬ ಪದವೂ ಸೇರಿದರೆ ಹೆದರಿಕೆಗೆ ಬೇರೆ ಕಾರಣ ಬೇಕಿಲ್ಲ. ಆದ್ದರಿಂದ ಮೊದಲು ಗಂಟು ಬಿಡಿಸಿಕೊಳ್ಳೋಣ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ ಹರ್ಪಿಸ್ ಕುಲದ್ದೇ ಅಲ್ಲ. ಅದು ಉಣುಗು ಕಚ್ಚುವುದರಿಂದ ಹರಡುತ್ತದೆ. ಸರ್ಪಸುತ್ತಿನ ವೈರಸ್ ಹರ್ಪಿಸ್ ಕುಲದ್ದು, ಆದರೆ ಅದರಿಂದ ಕ್ಯಾನ್ಸರ್ ಹುಟ್ಟುವುದಿಲ್ಲ.

ನಂಬಿಕೆ: ಮಂಗಗಳಿಂದ ಕ್ಯಾನ್ಸರ್ ವೈರಸ್ ನಮಗೆ ಅಂಟುತ್ತದೆ.

ಈ ಭಯಕ್ಕೆ ಮೂಲವಾಗಿರುವ ವೈರಸ್ ದಕ್ಷಿಣ ಅಮೆರಿಕದ ಅಳಿಲು ಮಂಗಗಳದ್ದು. 1968ರಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರೈಮೇಟ್ ಸಂಶೋಧನಾ ಕೇಂದ್ರದಲ್ಲಿ ಲೂಯಿಸ್ ಮೆಲೆಂಡೆಸ್ ಮತ್ತು ಸಂಗಡಿಗರು ಅದನ್ನು ಬೇರ್ಪಡಿಸಿದರು. ಹೆಸರು ಹರ್ಪಿಸ್‌ವೈರಸ್ ಸೈಮಿರಿ. ಅಳಿಲು ಮಂಗ ಮರಿಯಾಗಿದ್ದಾಗಲೇ ಈ ವೈರಸ್ ಅದರ ಮೈ ಹೊಕ್ಕು, ಕೊನೆಯುಸಿರಿನವರೆಗೆ ಜೊತೆಗಿರುತ್ತದೆ. ಜೊಲ್ಲಿನಲ್ಲಿ ಸಿಗುತ್ತದೆ, ಆದರೆ ರೋಗ ತರುವುದಿಲ್ಲ. ಅದೇ ವೈರಸ್ಸನ್ನು ಮಾರ್ಮೊಸೆಟ್ ಅಥವಾ ಗೂಬೆ ಮಂಗಕ್ಕೆ ಚುಚ್ಚಿದರೆ ಕೆಲವೇ ವಾರಗಳಲ್ಲಿ ಬಿಳಿ ರಕ್ತಕಣಗಳ ಉಗ್ರ ಕ್ಯಾನ್ಸರ್ ಬಂದು ಪ್ರಾಣಿ ಸಾಯುತ್ತದೆ. ಹಳೆಯ ಒಡನಾಟವಿರುವ ಮನೆಯಲ್ಲಿ ತಣ್ಣಗಿರುವ ವೈರಸ್, ಪರಿಚಯವಿಲ್ಲದ ಮನೆ ಹೊಕ್ಕಾಗ ಕೇಡಾಗುತ್ತದೆ. ಇಡೀ ವಿಷಯದ ಕೀಲಿ ಇಲ್ಲಿದೆ ಎಂದು ನನಗನ್ನಿಸುತ್ತದೆ.

ಹಾಗಾದರೆ ಮನುಷ್ಯನಿಗೆ? ಈ ವೈರಸ್‌ನ ಒಂದು ತಳಿ ಪ್ರಯೋಗಾಲಯದ ತಟ್ಟೆಯಲ್ಲಿ ಮನುಷ್ಯನ ಟಿ ಜೀವಕೋಶಗಳೆಂಬ ಬಿಳಿ ರಕ್ತಕಣಗಳನ್ನು ಕೊನೆಯಿಲ್ಲದೆ ಬೆಳೆಸಬಲ್ಲದು ಎಂದು 1992ರಲ್ಲಿ ತೋರಿಸಲಾಯಿತು. ಆದರೆ ತಟ್ಟೆಯೇ ಬೇರೆ, ದೇಹವೇ ಬೇರೆ. ಇದರಿಂದ ಜನರಿಗೆ ಕ್ಯಾನ್ಸರ್ ಬಂದ ದಾಖಲೆಯಿಲ್ಲ. ನಮ್ಮ ದೇವಸ್ಥಾನದ ಮೆಟ್ಟಿಲ ಮೇಲೆ ಬಾಳೆಹಣ್ಣು ಕಸಿಯುವ ಮಂಗಗಳು ಅಳಿಲು ಮಂಗಗಳೂ ಅಲ್ಲ, ಮಕಾಕ್ ಗುಂಪಿನವು. ಆ ಗುಂಪಿನ ಮಂಗಗಳಲ್ಲಿ ಬಿ ವೈರಸ್ ಎಂಬ ಬೇರೊಂದು ಹರ್ಪಿಸ್ ಇರಬಹುದು. ಅದು ಮನುಷ್ಯನಿಗೆ ದಾಟುವುದು ತೀರಾ ಅಪರೂಪ. ದಾಟಿದರೆ ಹಾನಿಯಾಗುವುದು ಮಿದುಳಿಗೆ, ಕ್ಯಾನ್ಸರ್ ಬರುವುದಿಲ್ಲ. ಮಂಗ ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ತಕ್ಷಣ ವೈದ್ಯರ ಬಳಿ ಹೋಗಬೇಕು. ರೇಬಿಸ್ ಭಯವಂತೂ ಇದ್ದೇ ಇದೆ.

ನಂಬಿಕೆ: ಹಾಗಿದ್ದರೆ ಮಂಗನ ವೈರಸ್ ಕಟ್ಟಿಕೊಂಡು ನಮಗೇನಾಗಬೇಕು?

ಆಗಬೇಕಾದ್ದು ಬಹಳವಿದೆ. 1994ರಲ್ಲಿ ನ್ಯೂಯಾರ್ಕಿನಲ್ಲಿ ಯುವಾನ್ ಚಾಂಗ್ ಮತ್ತು ಪ್ಯಾಟ್ರಿಕ್ ಮೂರ್ ದಂಪತಿ, ಏಡ್ಸ್ ರೋಗಿಗಳನ್ನು ಕಾಡುತ್ತಿದ್ದ ಕಪೋಸಿ ಸಾರ್ಕೋಮಾ ಗಡ್ಡೆಗಳಲ್ಲಿ ಗುರುತು ಸಿಗದ ಡಿಎನ್‌ಎ ತುಣುಕುಗಳನ್ನು ಕಂಡರು. ಅವು ಹೋಲುತ್ತಿದ್ದುದು ಅಳಿಲು ಮಂಗದ ವೈರಸ್ಸನ್ನು ಮತ್ತು ಮನುಷ್ಯನ ಎಪ್‌ಸ್ಟೀನ್-ಬಾರ್ ಎಂಬ ಹರ್ಪಿಸ್ ವೈರಸ್ಸನ್ನು. ಇಪ್ಪತ್ತಾರು ವರ್ಷಗಳ ಹಿಂದೆ ಯಾರೋ ಮಂಗನ ಜೀವಕೋಶಗಳಲ್ಲಿ ಹುಡುಕಿ ಇಟ್ಟದ್ದು, ಮನುಷ್ಯನ ಹೊಸ ಕ್ಯಾನ್ಸರ್ ವೈರಸ್‌ನ ಕುಲಗೋತ್ರ ಹೇಳಿತು!

ಇನ್ನೊಂದು ಕೊಡುಗೆ ಇದಕ್ಕಿಂತ ಅಚ್ಚರಿಯದು. 1993ರಲ್ಲಿ ಇಲಿ ಜಾತಿಯ ಪ್ರಾಣಿಗಳ ಜೀವಕೋಶದಲ್ಲಿ ಸಿಕ್ಕ ಒಂದು ಜೀನ್, ಸೈಮಿರಿ ವೈರಸ್‌ನ ಒಂದು ಜೀನನ್ನು ಬಹುವಾಗಿ ಹೋಲುತ್ತಿತ್ತು. ವೈರಸ್ ಅದನ್ನು ಎಂದೋ ತನ್ನ ಆತಿಥೇಯನಿಂದ ಎತ್ತಿಕೊಂಡಿತ್ತು. ಆ ಜೀನ್ ತಯಾರಿಸುವ ಪ್ರೋಟೀನನ್ನೇ ಇಂದು ಇಂಟರ್‌ಲ್ಯೂಕಿನ್-17 ಎನ್ನುತ್ತಾರೆ. ಉರಿಯೂತವನ್ನು ಹೆಚ್ಚಿಸುವ ಈ ಅಣುವನ್ನು ತಡೆಯುವ ಔಷಧಿಗಳು 2015ರಿಂದ ಸೋರಿಯಾಸಿಸ್ ರೋಗಿಗಳಿಗೆ ಸಿಗುತ್ತಿವೆ.

ನಂಬಿಕೆ: ವೈರಸ್ ಮೈಯಲ್ಲಿದ್ದರೆ ಕ್ಯಾನ್ಸರ್ ಬಂತೆಂದೇ ಅರ್ಥ.

ಎಪ್‌ಸ್ಟೀನ್-ಬಾರ್ ವೈರಸ್ ಪತ್ತೆಯಾದದ್ದು 1964ರಲ್ಲಿ, ಆಫ್ರಿಕಾದ ಮಕ್ಕಳ ದವಡೆಯಲ್ಲಿ ಬೆಳೆಯುವ ಬರ್ಕಿಟ್ ಲಿಂಫೋಮಾ ಗಡ್ಡೆಯಲ್ಲಿ. ಜಗತ್ತಿನ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಯ ಮೈಯಲ್ಲಿ ಅದಿದೆ. ಇದನ್ನು ಓದುತ್ತಿರುವ ನಿಮ್ಮಲ್ಲೂ ಇರುವ ಸಾಧ್ಯತೆಯೇ ಹೆಚ್ಚು. ಅಳಿಲು ಮಂಗಕ್ಕೆ ಸೈಮಿರಿ ಹೇಗೋ, ನಮಗೆ ಇದು ಹಾಗೆ. ಕ್ಯಾನ್ಸರ್ ಹುಟ್ಟಲು ಇನ್ನೇನೋ ಕೂಡಿಕೊಳ್ಳಬೇಕು. ಆಫ್ರಿಕಾದಲ್ಲಿ ಮತ್ತೆ ಮತ್ತೆ ಬರುವ ಮಲೇರಿಯಾ ಅಂಥದೊಂದು. ಎಚ್‌ಐವಿಯಿಂದ ಕುಸಿದ ರೋಗನಿರೋಧಕ ಶಕ್ತಿ ಮತ್ತೊಂದು.

ಈ ಮಾತುಗಳನ್ನು ಬರೆಯಲು ನನ್ನನ್ನು ಒತ್ತಾಯಿಸಿದ್ದು ಕೊನೆಯ ನಂಬಿಕೆ: ಕೆಲವು ಕ್ಯಾನ್ಸರ್‌ಗಳ ಹಿಂದೆ ವೈರಸ್ ಇದೆಯೆಂದರೆ ಕ್ಯಾನ್ಸರ್ ಅಂಟುರೋಗವೇ ಸರಿ ಎಂಬುದು. ಅಲ್ಲ. ವೈರಸ್ ಒಬ್ಬರಿಂದೊಬ್ಬರಿಗೆ ದಾಟಬಹುದು, ಗಡ್ಡೆ ದಾಟುವುದಿಲ್ಲ. ಲಿಂಫೋಮಾ ಬಂದವರ ಪಕ್ಕದಲ್ಲಿ ಕೂತರೆ, ಅವರೊಡನೆ ಉಂಡರೆ, ಅವರ ಕೈ ಹಿಡಿದರೆ ಕ್ಯಾನ್ಸರ್ ಬರುವುದಿಲ್ಲ. ಅವರ ತಟ್ಟೆ, ಲೋಟ, ಹಾಸಿಗೆಗಳನ್ನು ಕ್ಯಾನ್ಸರ್ ಅಂಟೀತೆಂಬ ಭಯದಿಂದ ದಯವಿಟ್ಟು ಬೇರೆ ಇಡಬೇಡಿ.