ದೇಶ ಸುತ್ತುವ ಮುನ್ನ ಕೋಶ ಓದಲಿ

ಪರೀಕ್ಷೆಯ ಫಲಿತಾಂಶ ಪ್ರಕಟವಾದೊಡನೆ ದಾವಣಗೆರೆಯ ಪಿ.ಜೆ. ಬಡಾವಣೆಯ ಮನೆಮನೆಗಳಲ್ಲಿ ಲೆಕ್ಕಾಚಾರ ಆರಂಭವಾಗುತ್ತದೆ. ಯಾವ ಕಾಲೇಜು, ಯಾವ ಉದ್ಯೋಗ, ಎಷ್ಟು ಸಂಬಳ ಎಂಬುದೇ ಎಲ್ಲರ ಮಾತು. ಊರು ಬಿಟ್ಟು ಹೊರಟ ಮಗ ಅಥವಾ ಮಗಳು ಅಲ್ಲಿ ಎಂಥವರೊಡನೆ ಬಾಳಬೇಕಾದೀತು, ಅದಕ್ಕೆ ಏನು ಸಿದ್ಧತೆಯಾಗಿದೆ ಎಂದು ವಿಚಾರಿಸುವವರು ವಿರಳ.

ಕೆಲವು ವರ್ಷಗಳ ಹಿಂದೆ ನಮ್ಮ ಪರಿಚಯದ ಮನೆಯ ಹುಡುಗನೊಬ್ಬ ಪುಣೆಗೆ ಉದ್ಯೋಗಕ್ಕೆಂದು ಹೋದವನು ಐದೇ ತಿಂಗಳಲ್ಲಿ ಮರಳಿ ಬಂದ. ಇಂಜಿನಿಯರಿಂಗ್‌ನಲ್ಲಿ ಉನ್ನತ ಶ್ರೇಣಿ ಪಡೆದ ಬುದ್ಧಿವಂತ. "ಕೆಲಸ ಕಷ್ಟವಿರಲಿಲ್ಲ ಗುರುಗಳೇ, ಜನ ಹೊಂದಲಿಲ್ಲ" ಎಂದ. ಅವನ ಕೋಣೆಯ ಜೊತೆಗಾರ ಅಸ್ಸಾಮಿನವನು. ಆತ ಊರಿನಿಂದ ತಂದ, ಹುಳಿ ಬರಿಸಿದ ಎಳೆಬಿದಿರಿನ ವಾಸನೆಗೆ ಇವನು ಮೂಗು ಮುಚ್ಚಿ ನಕ್ಕನಂತೆ. ಅಂದಿನಿಂದ ಇಬ್ಬರ ನಡುವೆ ಮಾತು ನಿಂತಿತು. ನಮ್ಮ ನೆರೆಯ ಮಲೆನಾಡಿನವರೂ ಅದೇ ಎಳೆಬಿದಿರನ್ನು ಕಳಲೆ ಎಂದು ಕರೆದು, ನೀರಿನಲ್ಲಿ ನೆನೆಯಿಟ್ಟು, ಪಲ್ಯ ಮಾಡಿ ಉಣ್ಣುತ್ತಾರೆಂಬುದು ಅವನಿಗೆ ತಿಳಿದಿರಲಿಲ್ಲ. ಹದಿನಾರು ವರ್ಷ ಓದಿದವನಿಗೆ ಪಕ್ಕದ ಸೀಮೆಯ ಅಡುಗೆಯನ್ನು ಯಾವ ಪುಸ್ತಕವೂ ಹೇಳಿರಲಿಲ್ಲ.

ಪರರ ಸಂಸ್ಕೃತಿಯನ್ನು ಓದಿದರೆ ಮಕ್ಕಳು ತಮ್ಮದನ್ನು ಮರೆತಾರೆಂಬ ಅಂಜಿಕೆ ಕೆಲವು ಹಿರಿಯರಲ್ಲಿದೆ. ನನ್ನ ಅನುಭವ ಬೇರೆ. ಬಾಲ್ಯದಲ್ಲಿ ಮಠದಲ್ಲಿದ್ದಾಗ ಹಿರಿಯರಿಗೆ ನಿತ್ಯವೂ ವೀಳ್ಯ ಮಡಿಸಿಕೊಡುತ್ತಿದ್ದೆ. ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ. ಮುಂದೆ ಅಬ್ದುಲ್ ರಜಾಕನ ಬರಹ ಓದಿದೆ. ಇಂದಿನ ಆಫ್ಘಾನಿಸ್ತಾನದಲ್ಲಿರುವ ಹೆರಾತ್‌ನಿಂದ ರಾಯಭಾರಿಯಾಗಿ ಹೊರಟ ಆತ 1443ರಲ್ಲಿ ವಿಜಯನಗರಕ್ಕೆ ಬಂದಿದ್ದ. ಅಡಿಕೆಯನ್ನು ಜಜ್ಜಿ, ಎಲೆಗೆ ಸುಣ್ಣ ಹಚ್ಚಿ, ಸುತ್ತಿ ಮೆಲ್ಲುವ ಕ್ರಮವನ್ನು ಬೆರಗಿನಿಂದ ವರ್ಣಿಸಿದ್ದಾನೆ. ನನ್ನ ಕೈಯಲ್ಲಿದ್ದ ತಾಂಬೂಲವನ್ನು ನನಗೆ ತೋರಿಸಿದವನು ಪರದೇಶಿ! ಇಂಥ ಪ್ರವಾಸಿಗಳ ಬರಹಗಳನ್ನು ಎಚ್.ಎಲ್. ನಾಗೇಗೌಡರು 'ಪ್ರವಾಸಿ ಕಂಡ ಇಂಡಿಯಾ' ಎಂಬ ಸಂಪುಟಗಳಲ್ಲಿ ಕನ್ನಡಕ್ಕೆ ತಂದು ಮಹದುಪಕಾರ ಮಾಡಿದ್ದಾರೆ.

ನಮ್ಮವರು ಪರದೇಶವನ್ನು ಕಂಡು ಬರೆದ ಗ್ರಂಥಗಳಿಗೂ ಕೊರತೆಯಿಲ್ಲ. ಶಿವರಾಮ ಕಾರಂತರ 'ಅಪೂರ್ವ ಪಶ್ಚಿಮ' ಯುರೋಪನ್ನು ಕುರಿತದ್ದು. ಹೇಮಾವತಿ ತೀರದ ಹಳ್ಳಿಯ ಬದುಕನ್ನು ಬರೆದ ಗೊರೂರು ರಾಮಸ್ವಾಮಿ ಅಯ್ಯಂಗಾರರು ಮುಪ್ಪಿನಲ್ಲಿ ಅಮೆರಿಕೆಯನ್ನು ಕಂಡು 'ಅಮೆರಿಕಾದಲ್ಲಿ ಗೊರೂರು' ಬರೆದರು. ಅದಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಅಜ್ಜನ ವಯಸ್ಸಿನಲ್ಲಿ ಅವರಿಗಿದ್ದ ಕುತೂಹಲ ಮೊಮ್ಮಕ್ಕಳ ವಯಸ್ಸಿನವರಲ್ಲಿ ಏಕಿರಬಾರದು?

ಪುಸ್ತಕ ಎಲ್ಲವನ್ನೂ ಕಲಿಸದು, ನಿಜ. ಪುಣೆಯ ಆ ಕೋಣೆಯ ಪಾಠ ಯಾವ ಪುಟದಲ್ಲಿಯೂ ಹಾಗೆಯೇ ಇರದು. ಆದರೆ ನಗುವ ಮೊದಲು "ಇವರು ಹೀಗೇಕೆ ಮಾಡುತ್ತಾರೆ?" ಎಂದು ಕೇಳಿಕೊಳ್ಳುವ ಅಭ್ಯಾಸವನ್ನು ಓದು ಬೆಳೆಸುತ್ತದೆ. ಕಚೇರಿಯಲ್ಲಿ, ಆಸ್ಪತ್ರೆಯಲ್ಲಿ, ಅಂಗಡಿಯಲ್ಲಿ, ಪರಊರಿನ ಬಾಡಿಗೆ ಮನೆಯಲ್ಲಿ ನಿತ್ಯ ಬೇಕಾಗುವುದು ಈ ಅಭ್ಯಾಸವೇ.

ತಾಯಂದಿರಲ್ಲಿ, ತಂದೆಯರಲ್ಲಿ ನನ್ನದೊಂದು ಬಿನ್ನಹ. ತಿಂಗಳಿಗೊಂದು ಪುಸ್ತಕ, ಬೇರೆ ನಾಡಿನದೋ ಬೇರೆ ಜನರದೋ, ಮನೆಗೆ ಬರಲಿ. ರಾತ್ರಿ ಊಟವಾದ ಮೇಲೆ ಮಕ್ಕಳು ನಾಲ್ಕು ಪುಟ ಗಟ್ಟಿಯಾಗಿ ಓದಲಿ, ಹಿರಿಯರೂ ಕೇಳಲಿ. "ನಾವು ಹೀಗೇಕೆ ಮಾಡುತ್ತೇವೆ?" ಎಂದು ಮಕ್ಕಳು ಕೇಳಿದರೆ ಗದರದಿರಿ, ಉತ್ತರ ತಿಳಿಯದಿದ್ದರೆ ಕೂಡಿ ಹುಡುಕಿರಿ. ನಮ್ಮೂರಿಗೂ ಹೊರನಾಡಿನ ವಿದ್ಯಾರ್ಥಿಗಳು ಬರುತ್ತಾರೆ. 1951ರಲ್ಲಿ ಇಂಜಿನಿಯರಿಂಗ್ ಕಾಲೇಜು, 1965ರಲ್ಲಿ ವೈದ್ಯಕೀಯ ಕಾಲೇಜು ಕಂಡ ಊರಿದು. ಅವರನ್ನು ಒಮ್ಮೆ ಊಟಕ್ಕೆ ಕರೆದರೆ ಓದಿದ್ದು ಮನದಟ್ಟಾಗುತ್ತದೆ.

ಆ ಹುಡುಗ ಮರುವರ್ಷ ಹೈದರಾಬಾದಿಗೆ ಹೊರಟಾಗ ನನ್ನಲ್ಲಿಂದ ಎರಡು ಪ್ರವಾಸಕಥನಗಳನ್ನು ಒಯ್ದ. ಕಳೆದ ದೀಪಾವಳಿಗೆ ಬಂದವನು ಒಂಟಿಯಾಗಿ ಬರಲಿಲ್ಲ. ಕೋಣೆಯ ಗೆಳೆಯನನ್ನೂ ಕರೆತಂದಿದ್ದ. ಅವನ ತಾಯಿ ಇಬ್ಬರಿಗೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಡಿಸುತ್ತಿದ್ದರು.