ಉಚಿತ ಬೋನಸ್ಸಿನ ನಿಜವಾದ ಬೆಲೆ ಎಷ್ಟು?

ಹತ್ತು ಪೆಟ್ಟಿಗೆ ಕೊಂಡರೆ ಒಂದು ಪೆಟ್ಟಿಗೆ ಉಚಿತವೆಂಬ ಸ್ಕೀಮನ್ನು ಕಂಪನಿಯ ಪ್ರತಿನಿಧಿ ಮುಂದಿಟ್ಟಾಗ ಅನುಭವಸ್ಥ ವರ್ತಕನು ಅದನ್ನು ಶೇ. 10ರ ರಿಯಾಯಿತಿಯೆಂದು ಎಣಿಸುವುದಿಲ್ಲ. ಹತ್ತರ ಬೆಲೆಗೆ ಹನ್ನೊಂದು ಬಂದುದರಿಂದ ರಿಯಾಯಿತಿ ಶೇ. 9.09 ಮಾತ್ರವೆಂದೂ, ಹನ್ನೊಂದನೆಯ ಪೆಟ್ಟಿಗೆ ಗೋದಾಮಿನಲ್ಲಿ ಮೂರು ತಿಂಗಳು ಕುಳಿತರೆ ಅದರಲ್ಲಿಯೂ ಒಂದಂಶ ಬಡ್ಡಿಗೆ ಹೋಗುವುದೆಂದೂ ಮನಸ್ಸಿನಲ್ಲಿಯೇ ಲೆಕ್ಕ ಹಾಕುತ್ತಾನೆ. ಜಿ.ಎಸ್.ಟಿ. ಆಡಳಿತವೂ 2019ರ ಮಾರ್ಚ್ ತಿಂಗಳ ಸುತ್ತೋಲೆಯಲ್ಲಿ ಇಂಥದೇ ದೃಷ್ಟಿಯನ್ನು ತಳೆದು, ‘ಒಂದು ಕೊಂಡರೆ ಒಂದು ಉಚಿತ’ ಎಂಬುದು ಉಚಿತ ಪೂರೈಕೆಯಲ್ಲ, ಎರಡು ಸರಕುಗಳನ್ನು ಒಂದೇ ಬೆಲೆಗೆ ಮಾರಿದಂತೆ ಎಂದು ಸ್ಪಷ್ಟಪಡಿಸಿತು. ಆದರೆ ಅದೇ ವರ್ತಕನ ಮೊಬೈಲಿಗೆ ‘ಹತ್ತು ಸಾವಿರ ಕಟ್ಟಿರಿ, ಹತ್ತು ಸಾವಿರ ಬೋನಸ್ ಪಡೆಯಿರಿ’ ಎಂಬ ಆಟದ ಸಂಸ್ಥೆಯ ಸಂದೇಶ ಬಂದಾಗ ಈ ಲೆಕ್ಕದ ಬುದ್ಧಿ ಏಕೋ ಹಿಂದೆ ಸರಿಯುತ್ತದೆ. ಗಲ್ಲಾಪೆಟ್ಟಿಗೆಯ ಹಣವೋ, ಮಗನ ಕೈಯಲ್ಲಿರುವ ಯು.ಪಿ.ಐ. ಖಾತೆಯ ಹಣವೋ ಅತ್ತ ಹರಿದುಹೋಗಲು ಅಷ್ಟೇ ಸಾಕು.

ಆನ್‌ಲೈನ್ ಪಣದಾಟದ ಬೋನಸ್ ನಗದಲ್ಲ. ಅದು ಷರತ್ತಿಗೆ ಒಳಪಟ್ಟ ರಿಯಾಯಿತಿ. ಆ ಷರತ್ತಿನ ಮುಖ್ಯಾಂಶವೆಂದರೆ, ಬೋನಸ್ ಮೊತ್ತದ ಇಂತಿಷ್ಟು ಪಟ್ಟು ಪಣವೊಡ್ಡಿ ಆಡಿದ ನಂತರವೇ ಅದನ್ನು ಹಿಂತೆಗೆದುಕೊಳ್ಳಬಹುದು ಎಂಬುದು. 10,000 ರೂಪಾಯಿ ಬೋನಸ್ಸಿಗೆ 30 ಪಟ್ಟಿನ ಷರತ್ತಿದ್ದರೆ ಆಟಗಾರನು 3,00,000 ರೂಪಾಯಿಯ ವಹಿವಾಟು ನಡೆಸಬೇಕು. ವಹಿವಾಟು ಎಂದೊಡನೆ ಲಾಭಾಂಶದ ಪ್ರಶ್ನೆ ಬರುತ್ತದೆ. ಇಲ್ಲಿ ಲಾಭಾಂಶ ಸಂಸ್ಥೆಯದು. ಯೂರೋಪಿನ ರೌಲೆಟ್ ಚಕ್ರದಲ್ಲಿ 37 ಮನೆಗಳಿದ್ದು, ಗೆದ್ದವನಿಗೆ 36 ಮನೆಗಳಿವೆಯೆಂಬ ಲೆಕ್ಕದಲ್ಲಿ ಹಣ ಕೊಡಲಾಗುತ್ತದೆ. ಉಳಿದ ಒಂದು ಮನೆಯೇ ಸಂಸ್ಥೆಯ ಪಾಲು. ಅದು ಪ್ರತಿ ಪಣದ ಶೇ. 2.7. ಮೂರು ಲಕ್ಷಕ್ಕೆ ಈ ದರದಲ್ಲಿ ಸರಾಸರಿ ನಷ್ಟ 8,108 ರೂಪಾಯಿ. ಅಲ್ಲಿಗೆ ಹತ್ತು ಸಾವಿರದ ಬೋನಸ್ಸಿನ ಬೆಲೆ 1,892 ರೂಪಾಯಿಗೆ ಇಳಿಯಿತು. ಪಣದ ಶೇ. 96ನ್ನು ಸರಾಸರಿಯಾಗಿ ಹಿಂತಿರುಗಿಸುವ ಸ್ಲಾಟ್ ಯಂತ್ರದ ಆಟವಾದರೆ ನಷ್ಟ 12,000 ರೂಪಾಯಿಯಾಗಿ, ಬೋನಸ್ ಕರಗಿದ್ದಲ್ಲದೆ ಕೈಯಿಂದ ಎರಡು ಸಾವಿರ ಹೋದಂತಾಯಿತು.

ಷರತ್ತಿನಲ್ಲಿ ಒಂದೆರಡು ಪದಗಳು ಬದಲಾದರೂ ಲೆಕ್ಕ ತಲೆಕೆಳಗಾಗುತ್ತದೆ. ‘ಬೋನಸ್ಸಿನ 30 ಪಟ್ಟು’ ಎಂಬುದರ ಬದಲು ‘ಠೇವಣಿ ಮತ್ತು ಬೋನಸ್ಸಿನ 30 ಪಟ್ಟು’ ಎಂದಿದ್ದರೆ ವಹಿವಾಟು ಆರು ಲಕ್ಷವಾಗಿ, ರೌಲೆಟ್ಟಿನಲ್ಲಿಯೇ 16,216 ರೂಪಾಯಿ ಸರಾಸರಿ ನಷ್ಟವಾಗುತ್ತದೆ. ಸಂಸ್ಥೆಯ ಪಾಲು ಕಡಿಮೆಯಿರುವ ಆಟಗಳ ಪಣವನ್ನು ಪೂರ್ತಿಯಾಗಿ ಎಣಿಕೆಗೆ ಹಿಡಿಯದಿರುವುದು ಮತ್ತೊಂದು ರೂಢಿ. ಶೇ. 20 ಮಾತ್ರ ಎಣಿಸುವುದಾದರೆ ಮೂರು ಲಕ್ಷ ತುಂಬಲು ಹದಿನೈದು ಲಕ್ಷದ ಆಟವಾಡಬೇಕು. ಇದರ ಮೇಲೆ ಏಳು ದಿನವೋ ಹದಿನೈದು ದಿನವೋ ಎಂಬ ಅವಧಿಯ ಮಿತಿ, ಒಂದು ಪಣದ ಗರಿಷ್ಠ ಮಿತಿ, ಗೆದ್ದರೂ ಇಷ್ಟಕ್ಕಿಂತ ಹೆಚ್ಚು ಹಿಂತೆಗೆಯಬಾರದೆಂಬ ಮಿತಿ. ಇವೆಲ್ಲ ಸರಾಸರಿಯ ಲೆಕ್ಕಗಳು, ಒಬ್ಬನು ಗೆಲ್ಲಬಹುದು. ಆದರೆ ಷರತ್ತು ಪೂರೈಸುವ ಮೊದಲೇ ಖಾತೆ ಬರಿದಾದವನಿಗೆ ಬೋನಸ್ಸಿನ ಒಂದು ರೂಪಾಯಿಯೂ ನಗದಾಗಿ ದಕ್ಕುವುದಿಲ್ಲ.

ಪಣದಾಟ ಕಾನೂನುಬದ್ಧವಾಗಿರುವ ಬ್ರಿಟನ್ನಿನಲ್ಲಿ ಈ ಷರತ್ತುಗಳ ಮೇಲೆಯೇ ಸರ್ಕಾರಿ ಪ್ರಾಧಿಕಾರಗಳು ಕಣ್ಣಿಟ್ಟವು. ಅಲ್ಲಿನ ಸ್ಪರ್ಧಾ ಮತ್ತು ಮಾರುಕಟ್ಟೆ ಪ್ರಾಧಿಕಾರವು 2018ರಲ್ಲಿ ಕೆಲವು ದೊಡ್ಡ ಸಂಸ್ಥೆಗಳಿಂದ ಮುಚ್ಚಳಿಕೆ ಪಡೆದು, ಆಟಗಾರನ ಸ್ವಂತ ಠೇವಣಿಯನ್ನು ಬೋನಸ್ಸಿನ ಷರತ್ತಿಗೆ ಕಟ್ಟಿಹಾಕುವ ಪದ್ಧತಿಗೆ ತಡೆ ಹಾಕಿತು. ಬಳಿಕ ಗ್ಯಾಂಬ್ಲಿಂಗ್ ಕಮಿಷನ್ ಹೊರಡಿಸಿದ ನಿಯಮದಂತೆ 2026ರ ಜನವರಿಯಿಂದ ಬೋನಸ್ಸಿನ 10 ಪಟ್ಟಿಗಿಂತ ಹೆಚ್ಚು ಆಡಬೇಕೆಂಬ ಷರತ್ತನ್ನು ವಿಧಿಸುವಂತಿಲ್ಲ. ಹಿಂದಿನ ಉದಾಹರಣೆಯ ಸ್ಲಾಟ್ ಆಟಕ್ಕೇ ಇದನ್ನು ಅನ್ವಯಿಸಿದರೆ ಒಂದು ಲಕ್ಷದ ವಹಿವಾಟಿಗೆ ನಾಲ್ಕು ಸಾವಿರ ನಷ್ಟ. ಬೋನಸ್ಸಿನ ಬೆಲೆ ಆರು ಸಾವಿರ. ಅದೇ ಆಟ, ಅದೇ ಬೋನಸ್. 30 ಎಂಬುದು 10 ಆದೊಡನೆ ಎರಡು ಸಾವಿರದ ನಷ್ಟ ಆರು ಸಾವಿರದ ಲಾಭವಾಯಿತು. ಬೋನಸ್ಸಿನಿಂದ ಗರಿಷ್ಠ ಪ್ರಯೋಜನ ಪಡೆಯುವ ಉಪಾಯಗಳೆಂದು ಪ್ರಚಾರದಲ್ಲಿರುವ ಮಾತುಗಳಲ್ಲಿ ಹುರುಳಿರುವುದು ಇಷ್ಟರಲ್ಲಿಯೇ: ಪಟ್ಟು ಎಷ್ಟು, ಅದು ಯಾವ ಮೊತ್ತದ ಮೇಲೆ, ಯಾವ ಆಟಕ್ಕೆ ಎಷ್ಟು ಎಣಿಕೆ, ಸ್ವಂತ ಹಣವನ್ನು ಯಾವಾಗ ಬೇಕಾದರೂ ಹಿಂತೆಗೆಯಬಹುದೇ? ಉಳಿದ ಚಾತುರ್ಯವೆಲ್ಲ ಅದೃಷ್ಟಕ್ಕೆ ಕೊಟ್ಟ ಬೇರೆ ಹೆಸರು.

ಭಾರತದ ತೆರಿಗೆ ಕಾನೂನು ಬೋನಸ್ಸನ್ನು ನೋಡಿದ ರೀತಿಯೂ ಲೆಕ್ಕಪತ್ರ ಬಲ್ಲವರಿಗೆ ಕುತೂಹಲಕರ. 2023ರ ಅಕ್ಟೋಬರ್ 1ರಿಂದ ಹಣ ಕಟ್ಟಿ ಆಡುವ ಆಟಗಳಲ್ಲಿ ಠೇವಣಿಯ ಪೂರ್ಣ ಮೊತ್ತದ ಮೇಲೆ ಶೇ. 28ರ ಜಿ.ಎಸ್.ಟಿ. ಬಂದಿತು. ತೆರಿಗೆಯನ್ನು ಒಳಗೊಂಡಂತೆ 10,000 ರೂಪಾಯಿ ಕಟ್ಟಿದವನ ಖಾತೆಗೆ 7,812.50 ರೂಪಾಯಿ ಜಮೆಯಾಗಿ, 2,187.50 ರೂಪಾಯಿ ಸರ್ಕಾರಕ್ಕೆ ಸಲ್ಲುತ್ತಿತ್ತು. ಆಗ ಹಲವು ಸಂಸ್ಥೆಗಳು ಈ ಕೊರತೆಯನ್ನು ಬೋನಸ್ ರೂಪದಲ್ಲಿ ತುಂಬಿಕೊಡಲಾರಂಭಿಸಿದವು. ಆಟಗಾರನ ತೆರೆಯ ಮೇಲೆ ಹತ್ತು ಸಾವಿರವೇ ಕಾಣುತ್ತಿತ್ತು. ಆದರೆ ತೆರಿಗೆಯಾಗಿ ಹೋದದ್ದು ನಗದು, ಬೋನಸ್ಸಾಗಿ ಬಂದದ್ದು ಆಡಲು ಮಾತ್ರ ಸಲ್ಲುವ ಅಂಕಿ.

ಆದಾಯ ತೆರಿಗೆಯ ಲೆಕ್ಕ ಇನ್ನೂ ಕಟ್ಟುನಿಟ್ಟಾಗಿತ್ತು. 2023ರ ಏಪ್ರಿಲ್ 1ರಿಂದ 1961ರ ಕಾಯಿದೆಗೆ ಸೇರಿದ 194ಬಿಎ ಕಲಮಿನ ಪ್ರಕಾರ ನಿವ್ವಳ ಗೆಲುವಿನ ಮೇಲೆ ಶೇ. 30ರ ತೆರಿಗೆಯನ್ನು ಮೂಲದಲ್ಲಿಯೇ ಮುರಿದುಕೊಳ್ಳಬೇಕಾಗಿತ್ತು. ಹಿಂತೆಗೆದ ಹಣದಿಂದ ಆಟಗಾರನ ಸ್ವಂತ ಠೇವಣಿಯನ್ನೂ ಆರಂಭದ ಶಿಲ್ಕನ್ನೂ ಕಳೆದರೆ ಉಳಿಯುವುದೇ ನಿವ್ವಳ ಗೆಲುವು. ಬೋನಸ್ಸಿಗಾಗಲಿ ಪರಿಚಯ ಬೋನಸ್ಸಿಗಾಗಲಿ ಈ ಕಳೆಯುವ ಭಾಗದಲ್ಲಿ ಸ್ಥಾನವಿರಲಿಲ್ಲ. ಹತ್ತು ಸಾವಿರ ಕಟ್ಟಿ, ಎರಡು ಸಾವಿರ ಬೋನಸ್ ಪಡೆದು, ಸೋಲು ಗೆಲುವು ಸಮನಾಗಿ ಹನ್ನೆರಡು ಸಾವಿರ ಹಿಂತೆಗೆದವನಿಗೆ ಎರಡು ಸಾವಿರದ ಮೇಲೆ 600 ರೂಪಾಯಿ ತೆರಿಗೆ ಬೀಳುತ್ತಿತ್ತು. ಹಿಂತೆಗೆಯಲು ಬಾರದ, ಆಡಲಿಕ್ಕಷ್ಟೇ ಬಳಸಬಹುದಾದ ಬೋನಸ್ಸನ್ನು ಮಾತ್ರ ಲೆಕ್ಕದಿಂದ ಹೊರಗಿಡಲಾಗಿತ್ತು. ನಗದಾಗದ ಬೋನಸ್ಸಿಗೆ ಬೆಲೆಯಿಲ್ಲವೆಂದು ಇಲಾಖೆಯೇ ಒಪ್ಪಿದಂತಾಯಿತು.

ಈ ಪುಟದ ಬಹುಭಾಗ ಈಗ ಮಗುಚಿದೆ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಪ್ರೋತ್ಸಾಹ ಮತ್ತು ನಿಯಂತ್ರಣ ಕಾಯಿದೆಯು, ಕೌಶಲದ ಆಟ, ಅದೃಷ್ಟದ ಆಟ ಎಂಬ ಹಳೆಯ ಭೇದವನ್ನು ಬದಿಗಿಟ್ಟು, ಹಣ ಕಟ್ಟಿ ಹಣ ಗೆಲ್ಲುವ ಎಲ್ಲ ಆನ್‌ಲೈನ್ ಆಟಗಳನ್ನು ನಿಷೇಧಿಸುತ್ತದೆ. ಅಂಥ ಆಟ ನಡೆಸಿದವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿಯವರೆಗೆ ದಂಡ. ಜಾಹೀರಾತು ನೀಡಿದವರಿಗೆ ಎರಡು ವರ್ಷ, ಐವತ್ತು ಲಕ್ಷ. ದಂಡನೆ ಆಡುವವನಿಗಲ್ಲ. ಕರ್ನಾಟಕ, ದೆಹಲಿ ಮತ್ತು ಮಧ್ಯಪ್ರದೇಶ ಹೈಕೋರ್ಟುಗಳಲ್ಲಿ ಈ ಕಾಯಿದೆಯನ್ನು ಪ್ರಶ್ನಿಸಿದ್ದ ಅರ್ಜಿಗಳು 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ವರ್ಗವಾದವು. ದೇಶದ ಪ್ರಮುಖ ಸಂಸ್ಥೆಗಳು ಕಾಯಿದೆ ಬಂದೊಡನೆಯೇ ಹಣದ ಆಟಗಳನ್ನು ನಿಲ್ಲಿಸಿದವು. ಆದ್ದರಿಂದ ಇಂದು ಭಾರೀ ಬೋನಸ್ ತೋರಿಸಿ ಕರೆಯುವ ಸಂದೇಶವು ಬಹುಮಟ್ಟಿಗೆ ಹೊರದೇಶದಲ್ಲಿ ನೆಲೆಯಿರುವ ಅನಧಿಕೃತ ಜಾಲದ್ದು. ಬ್ರಿಟನ್ನಿನ ಹತ್ತು ಪಟ್ಟಿನ ಮಿತಿ ಅದಕ್ಕೆ ಅನ್ವಯಿಸುವುದಿಲ್ಲ. ಗೆದ್ದ ಹಣ ಕೊಡದಿದ್ದರೆ ದೂರು ಕೊಡುವ ಬಾಗಿಲೂ ಇಲ್ಲಿಲ್ಲ.

ವರ್ತಕರ ಮಟ್ಟಿಗೆ ಇದಕ್ಕಿಂತ ಹತ್ತಿರದ ಅಪಾಯ ಬೇರೆಡೆ ಇದೆ. ಇಂಥ ಜಾಲಗಳಿಗೆ ಠೇವಣಿ ಸಂಗ್ರಹಿಸಲು ಭಾರತದ ಬ್ಯಾಂಕ್ ಖಾತೆಗಳು ಬೇಕು. ದಿನವೂ ನೂರಾರು ಸಣ್ಣ ಜಮೆಗಳು ಬರುವ ಅಂಗಡಿಯ ಚಾಲ್ತಿ ಖಾತೆ ಅವುಗಳಿಗೆ ಹೇಳಿ ಮಾಡಿಸಿದಂತಿರುತ್ತದೆ. ‘ಖಾತೆಯನ್ನು ಬಳಸಲು ಕೊಡಿ, ವಹಿವಾಟಿನ ಮೇಲೆ ಕಮಿಷನ್ ಪಡೆಯಿರಿ’ ಎಂಬ ಕೋರಿಕೆಯೂ ಒಂದು ಬಗೆಯ ಬೋನಸ್ಸೇ. ಒಪ್ಪಿದವನ ಖಾತೆ ತನಿಖೆಯ ವೇಳೆ ಸ್ಥಗಿತಗೊಂಡರೆ ಪೂರೈಕೆದಾರರಿಗೆ ಕೊಟ್ಟ ಚೆಕ್ಕುಗಳು ಹಿಂತಿರುಗುತ್ತವೆ, ಸಂಬಳ ನಿಲ್ಲುತ್ತದೆ, ಜಿ.ಎಸ್.ಟಿ. ಪಾವತಿ ತಪ್ಪುತ್ತದೆ. ಜಮೆಯಾದ ಹಣ ತನ್ನ ಮಾರಾಟದ್ದಲ್ಲವೆಂದು ತೆರಿಗೆ ಅಧಿಕಾರಿಗೆ ರುಜುವಾತು ಮಾಡುವ ಹೊರೆಯೂ ಅವನ ಮೇಲೆಯೇ.

ವ್ಯವಹಾರದ ಹಣವೇ ಆಟಕ್ಕೆ ಹೋಗಿದ್ದರೆ ಲೆಕ್ಕಪುಸ್ತಕದಲ್ಲಿ ಅದಕ್ಕೆ ‘ಸಂಕೀರ್ಣ ವೆಚ್ಚ’ ಎಂಬ ಹೆಸರು ಸಲ್ಲದು. ಸ್ವಂತ ಮಾಲೀಕತ್ವದ ಅಂಗಡಿಯಲ್ಲಿ ಅದು ಮಾಲೀಕನ ಡ್ರಾಯಿಂಗ್ಸ್. ಪಾಲುದಾರಿಕೆಯಲ್ಲಿ ಹಣ ತೆಗೆದ ಪಾಲುದಾರನ ಖಾತೆಗೆ ಖರ್ಚು. ಆಟದ ಸೋಲನ್ನು ವ್ಯಾಪಾರದ ಲಾಭದೊಂದಿಗೆ ವಜಾ ಮಾಡಿಕೊಳ್ಳಲೂ ಬರುವುದಿಲ್ಲ. ಹಣ ಕ್ಯಾಷ್ ಕ್ರೆಡಿಟ್ ಖಾತೆಯಿಂದ ಹೋಗಿದ್ದರೆ ಸಂಗತಿ ಇನ್ನೂ ಗಂಭೀರ. ವ್ಯವಹಾರಕ್ಕೆ ಬಳಕೆಯಾಗದ ಸಾಲದ ಬಡ್ಡಿ ಖರ್ಚೆಂದು ಮಾನ್ಯವಾಗುವುದಿಲ್ಲ. ದುಡಿಯುವ ಬಂಡವಾಳಕ್ಕೆಂದು ಕೊಟ್ಟ ಸಾಲವನ್ನು ಬೇರೆಡೆ ತಿರುಗಿಸಿದ್ದಕ್ಕೆ ಬ್ಯಾಂಕು ಮಿತಿಯನ್ನೇ ಮೊಟಕುಗೊಳಿಸಬಹುದು. ಅಂಗಡಿಯ ಖಾತೆಗೆ ಜೋಡಿಸಿದ ಯು.ಪಿ.ಐ. ಮನೆಯವರ ಮೊಬೈಲುಗಳಲ್ಲಿ ಇರದಂತೆ ನೋಡಿಕೊಳ್ಳುವುದೂ, ತಿಂಗಳಿಗೊಮ್ಮೆ ಬ್ಯಾಂಕ್ ತಾಳೆಪಟ್ಟಿಯಲ್ಲಿ ಗುರುತು ಸಿಗದ ಸಣ್ಣ ಪಾವತಿಗಳನ್ನು ಒಂದೊಂದಾಗಿ ವಿಚಾರಿಸುವುದೂ ಹೆಚ್ಚಿನ ಶ್ರಮದ ಕೆಲಸಗಳಲ್ಲ. ಮೊದಲು ಹೊರಡುವುದು ಸಾಮಾನ್ಯವಾಗಿ ನೂರು, ಇನ್ನೂರು ರೂಪಾಯಿಯ ಪಾವತಿಗಳೇ.

ಇನ್ನು, ಹಣದ ಪಣವಿಲ್ಲದ ಮನರಂಜನೆಯ ಆಟಗಳಿಗೂ ಇ-ಸ್ಪೋರ್ಟ್ಸ್‌ಗೂ 2025ರ ಕಾಯಿದೆಯಲ್ಲಿ ಅವಕಾಶವಿದೆ. ಅಲ್ಲಿ ದಿನವೂ ಸಿಗುವ ನಾಣ್ಯ, ಅಂಕ, ಬಹುಮಾನಗಳನ್ನು ಪಡೆದು ಆಡಲು ಅಡ್ಡಿಯಿಲ್ಲ. ಅವನ್ನು ನಗದಾಗಿ ಪರಿವರ್ತಿಸಲು ಬರುವುದಿಲ್ಲವಾದ್ದರಿಂದ ಅವುಗಳಿಗೆ ಲೆಕ್ಕದಲ್ಲಿ ಬೆಲೆಯಿಲ್ಲ, ಅವಧಿ ಮುಗಿದು ಹೋದರೆ ನಷ್ಟವೂ ಇಲ್ಲ. ಆ ನಾಣ್ಯಗಳು ಮುಗಿದಾಗ 99 ರೂಪಾಯಿಗೆ ಇನ್ನಷ್ಟು ನಾಣ್ಯ ಕೊಳ್ಳಿರೆಂಬ ಗುಂಡಿ ತೆರೆಯ ಮೇಲೆ ಮೂಡಿದರೆ, ಅಲ್ಲಿಂದ ಮುಂದಿನದು ಖರೀದಿ. ಆ ಮೊತ್ತ ಮನೆಯ ಖರ್ಚಿಗೆ ಸೇರಬೇಕು, ಅಂಗಡಿಯದಕ್ಕಲ್ಲ.